ಕುತ್ತಿಗೆ ಮಾಸಿದ ಹಿತ್ತಾಳೆ

ಚಿಂಚವಡ, ಪುಣೆ
13 ಜುಲೈ 2025, ಭಾನುವಾರ

ಬೆಳಗಿನಿಂದ ಜಿಟಿಜಿಟಿ ಮಳೆ. ಎರಡನೇ ಚಹಾ ಕುಡಿಯುವ ಹೊತ್ತಿಗೆ ತಂಗಿಯ ಮಗನ ವಿಡಿಯೋ ಕಾಲ್. ಅವನಿರುವುದು ಅಮೆರಿಕದ ಮೊಂಟಾನಾದಲ್ಲಿ, ಅಲ್ಲಿನ್ನೂ ಶನಿವಾರ ರಾತ್ರಿ. ಹೋದ ವರ್ಷ .308 ರೈಫಲ್ ಕೊಂಡಾಗಿನಿಂದ ಹುಡುಗನಿಗೆ ತೋಟಾ ತಾನೇ ತುಂಬಿಕೊಳ್ಳುವ ಹುಚ್ಚು. ಹಾರಿಸಿ ಖಾಲಿಯಾದ ಹಿತ್ತಾಳೆ ಕೇಸಿಗೆ ಮತ್ತೆ ಪ್ರೈಮರ್ (ಮದ್ದಿಗೆ ಕಿಡಿ ಹೊತ್ತಿಸುವ ಬಿಲ್ಲೆ), ಮದ್ದು, ಗುಂಡು. ಅಲ್ಲಿ ಅದು ಗ್ಯಾರೇಜಿನ ಹವ್ಯಾಸ. ಇಲ್ಲಿ ಲೈಸೆನ್ಸಿಲ್ಲದೆ ಒಂದು ತೋಟಾ ತಯಾರಿಸಿದರೂ 1959ರ ಆರ್ಮ್ಸ್ ಆ್ಯಕ್ಟ್ ಮನೆ ಬಾಗಿಲಿಗೆ ಬರುತ್ತದೆ. ನಾನಂತೂ ಬಂದೂಕು ಮುಟ್ಟಿದವನೇ ಅಲ್ಲ. ಆದರೆ ಭೋಸರಿಯ ಪ್ರೆಸ್ ಶಾಪಿನಲ್ಲಿ 31 ವರ್ಷ ಹಿತ್ತಾಳೆ ಎಳೆದಿದ್ದೇನೆ. ಬಿಲ್ಲೆಯಿಂದ ಬಟ್ಟಲು, ಬಟ್ಟಲಿನಿಂದ ಕೊಳವೆ. ಅದಕ್ಕೇ ನನ್ನನ್ನು ಕೇಳುತ್ತಾನೆ.

"ಮಾಮಾ, ಈ ಚೀಲದಾಗಿನವು ನೋಡ್ರಿ, ಹೆಂಗ ಫಳಫಳಾ ಅಂತಾವ. ಸೆಕೆಂಡ್ ಹ್ಯಾಂಡ್, ಅಗ್ಗಕ್ಕ ಸಿಕ್ಕಾವ. ಆ ಲಾಪುವಾ ಕಂಪನೀ ಡಬ್ಬಿ ಹೊಸಾದು, ಆದ್ರ ಕುತ್ತಿಗಿ ಎಲ್ಲಾ ಮಾಸೇತಿ. ವಾಪಸ್ ಕಳಸಬೇಕಂತ ಮಾಡೇನಿ."

"ಕಳಸಬ್ಯಾಡಲೇ ಹುಚ್ಚಪ್ಪಾ!"

ಆ ಕಂದು-ನೀಲಿ ಛಾಯೆ ಕೊಳೆಯಲ್ಲ, ಅನೀಲಿಂಗ್ ಮಾಡಿದ, ಅಂದರೆ ಕಾಯಿಸಿ ಮೆತ್ತಗೆ ಮಾಡಿದ ಗುರುತು. ಕೇಸಿನ ಹಿತ್ತಾಳೆಯಲ್ಲಿ ತಾಮ್ರ 70 ಪಾಲು, ಸತು 30. ಡೈಯಲ್ಲಿ ಎಳೆದಷ್ಟೂ ಅದು ಗಡುಸಾಗುತ್ತದೆ, ನಡುನಡುವೆ ಕಾಯಿಸಿ ಮೆತ್ತಗೆ ಮಾಡದಿದ್ದರೆ ಹರಿದೇ ಹೋಗುತ್ತದೆ. ಕೊನೆಗೆ ಗುಂಡು ಕೂರುವ ಕುತ್ತಿಗೆ, ಅದರ ಕೆಳಗಿನ ಭುಜ ಮಾತ್ರ ಕಾಯಿಸುತ್ತಾರೆ. ಬುಡ ಗಡುಸಾಗಿಯೇ ಇರಬೇಕು, ಒತ್ತಡ ತಡೆಯುವುದು ಅದೇ. ಕುತ್ತಿಗೆ ಮಾತ್ರ ಹಿಗ್ಗಿ ಕುಗ್ಗಿ ಗುಂಡನ್ನು ಹಿಡಿಯಬೇಕು. ಎಷ್ಟೋ ಕಂಪನಿಗಳು ಆ ಛಾಯೆಯನ್ನು ಉಜ್ಜಿ ತೆಗೆದು ಮಾರುತ್ತವೆ. ಫಿನ್ಲೆಂಡಿನ ಲಾಪುವಾದವರು ಹಾಗೇ ಬಿಡುತ್ತಾರೆ. ಅಮೆರಿಕದ ಸೈನ್ಯಕ್ಕೆ ಲೇಕ್ ಸಿಟಿ ಕಾರ್ಖಾನೆಯಲ್ಲಿ ಆಗುವ ಕೇಸಿನ ಮೇಲೂ ಅದು ಕಾಣಲೇಬೇಕು.

ಚೀಲದವನ್ನು ಒಂದೊಂದಾಗಿ ಕ್ಯಾಮೆರಾಗೆ ಹಿಡಿ ಅಂದೆ. ಬುಡದ ಮುದ್ರೆಗಳು ನಾಲ್ಕೈದು ಥರ. ಎಲ್‌ಸಿ ಅಂತಿದ್ದು ಪಕ್ಕದಲ್ಲಿ ಎರಡಂಕಿಯ ಇಸವಿ ಇದ್ದರೆ ಅದು ಲೇಕ್ ಸಿಟಿಯ ಸೈನ್ಯದ ಮಾಲು. ಅದರ ಗೋಡೆ ಸಾಮಾನ್ಯವಾಗಿ ದಪ್ಪ, ಒಳಗಿನ ಜಾಗ ಕಡಿಮೆ. ಬೇರೆ ಕೇಸಿನ ಅಳತೆಯ ಮದ್ದನ್ನೇ ಇದಕ್ಕೂ ಸುರಿದರೆ ಒತ್ತಡ ಮೇಲೆ ಹೋಗುತ್ತದೆ. ಬೆರಕೆ ಚೀಲ ನನಗೆ ಹಿಡಿಸದ್ದು ಇದಕ್ಕೇ. ಒಂದರ ತಳದಲ್ಲಿ ಎರಡು ಸಣ್ಣ ತೂತು, ಅಂದರೆ ಬರ್ಡನ್ ಎಂಬ ಬೇರೆ ಥರದ ಪ್ರೈಮರಿನ ಕೇಸು, ಅವನ ಯಂತ್ರಕ್ಕೆ ಆಗದು. ಅವನಿಗೆ ಡಿಜಿಟಲ್ ತಕ್ಕಡಿಯ ಮೇಲೆ ಭಾರೀ ಪ್ರೀತಿ, ಎಲ್ಲ ತೂಗಿ ವಿಂಗಡಿಸುತ್ತಾನಂತೆ. ಮೊದಲು ಕುತ್ತಿಗೆಯ ದಪ್ಪ ಸುತ್ತಲೂ ಒಂದೇ ಇದೆಯೇ ನೋಡು, ತೂಕ ಆಮೇಲೆ ಅಂದೆ. ಒಪ್ಪಿದಂತೆ ಕಾಣಲಿಲ್ಲ.

ಆಮೇಲೆ ಪೇಪರ್ ಕ್ಲಿಪ್ ಬಿಡಿಸಿ ತುದಿಯನ್ನು ಒಂದಿಷ್ಟು ಬಗ್ಗಿಸಲು ಹೇಳಿದೆ. ಕೇಸಿನೊಳಗೆ ಇಳಿಬಿಟ್ಟು, ಬುಡದಿಂದ ಬೆರಳಗಲದಷ್ಟು ಮೇಲೆ ಗೋಡೆಯನ್ನು ಕೆರೆಯುತ್ತ ಬಾ. ಏಳನೆಯದರಲ್ಲಿ ತಡೆಯಿತು. "ಮಾಮಾ, ಇಲ್ಲೆ ಒಂದ ತಗ್ಗದ!" ಹೊರಗಡೆ ಅದೇ ಜಾಗದಲ್ಲಿ ಸುತ್ತ ತೆಳ್ಳಗೆ ಬೆಳ್ಳಿಯಂಥ ಗೆರೆ. ಗೋಡೆ ಎಳೆದೆಳೆದು ತೆಳುವಾಗಿದೆ, ಇನ್ನೊಂದೆರಡು ಸಲ ಹಾರಿಸಿದರೆ ಬುಡವೇ ಕಳಚುತ್ತದೆ. ಅದೂ ಅಷ್ಟೇ ಫಳಫಳ ಹೊಳೆಯುತ್ತಿತ್ತು. ಇಕ್ಕಳದಿಂದ ಜಜ್ಜಿ ಗುಜರಿ ಡಬ್ಬಿಗೆ ಹಾಕಿಸಿದೆ, ಹಾಗೇ ಬಿಟ್ಟರೆ ಮತ್ತೆ ಚೀಲ ಸೇರುತ್ತದೆ.

ಹೊಸದನ್ನೂ ಹೀಗೆ ಹೊಳೆಯಿಸೋಣ ಎಂದು ಪಾಲಿಶ್ ಬಾಟಲಿ ತೋರಿಸಿದಾಗ ನನಗೆ ಸಿಟ್ಟು ಬಂತು. ಲೇಬಲ್ಲಿನಲ್ಲಿ ಅಮೋನಿಯಾ! ನಮ್ಮ ಶಾಪಿನಲ್ಲಿ ಒಂದು ಮಳೆಗಾಲ, ಎಳೆದ ಬಟ್ಟಲುಗಳನ್ನು ಡ್ರಾಯಿಂಗ್ ಆಫೀಸಿನ ಪಕ್ಕದ ಕೋಣೆಯಲ್ಲಿ ಪೇರಿಸಿದ್ದೆವು. ಗೋಡೆಯಾಚೆ ನಕ್ಷೆಗಳ ಪ್ರತಿ ತೆಗೆಯುವ ಅಮೋನಿಯಾ ಪ್ರಿಂಟ್ ಮಷೀನು. ಮೂರು ವಾರಕ್ಕೆ ಬಾಯಿಂದ ಬುಡದವರೆಗೆ ಉದ್ದುದ್ದ ಸೀಳು, ಚಾಕುವಿನಲ್ಲಿ ಗೀರಿದ ಹಾಗೆ. ಬೈಸಿಕೊಂಡವನು ನಾನು. ಖಡಕಿಯ ಮದ್ದುಗುಂಡಿನ ಕಾರ್ಖಾನೆಯಿಂದ ನಿವೃತ್ತನಾಗಿ ನಮ್ಮಲ್ಲಿಗೆ ಬಂದಿದ್ದ ಫೋರ್‌ಮನ್ ಮಾತ್ರ ನಕ್ಕುಬಿಟ್ಟ. ಬ್ರಿಟಿಷರ ಕಾಲದಲ್ಲಿ ಕುದುರೆ ಲಾಯಗಳಲ್ಲಿ ಇಟ್ಟ ತೋಟಾಗಳು ಮಳೆಗಾಲದಲ್ಲಿ ಹೀಗೇ ಸೀಳುತ್ತಿದ್ದವಂತೆ. ಗಂಜಳದ ಅಮೋನಿಯಾ, ತೇವ, ಎಳೆದ ಹಿತ್ತಾಳೆಯೊಳಗೆ ಉಳಿದ ಬಿಗಿ, ಮೂರೂ ಕೂಡಿದರೆ ಸೀಳು. 1921ರಲ್ಲಿ ಇಂಗ್ಲೆಂಡಿನ ಲೋಹತಜ್ಞರು ಇದನ್ನು ಬಿಡಿಸಿ ಬರೆದರು. ಅದಕ್ಕೆ ಸೀಸನ್ ಕ್ರ್ಯಾಕಿಂಗ್ ಎಂಬ ಹೆಸರು.

"ಮತ್ತ ಯಾತರಲೆ ತೊಳೀಲಿ?"

ಅಡುಗೆಮನೆಯಿಂದ ಇವಳು ಕೂಗಿದಳು: "ಹುಣಸಿಹಣ್ಣಲೆ ತೊಳಿ ಅನ್ರಿ!" ದೇವರ ದೀಪದ ಸಮೆ ಅವಳು ಉಜ್ಜುವುದು ಅದರಲ್ಲೇ. ಆಗಬಹುದು, ಹುಳಿಯೇ ತಾನೆ. ಅಲ್ಲಿಯವರು ಸಿಟ್ರಿಕ್ ಆ್ಯಸಿಡ್ ಹಾಕುತ್ತಾರೆ. ಐದು ನಿಮಿಷ ಸಾಕು, ಆಮೇಲೆ ನೀರಲ್ಲಿ ಚೆನ್ನಾಗಿ ತೊಳಿ ಅಂದೆ. ರಾತ್ರಿಯಿಡೀ ನೆನೆಸಿಟ್ಟರೆ ಸತು ಬಿಟ್ಟುಹೋಗಿ ಹಿತ್ತಾಳೆ ಗುಲಾಬಿಗೆ ತಿರುಗುತ್ತದೆ.

ಈಗ ಮಲಗುವ ಹೊತ್ತಿಗೆ ಮೆಸೇಜ್ ಬಂದಿದೆ. ಲಾಪುವಾ ಡಬ್ಬಿ ಉಳಿಸಿಕೊಂಡಿದ್ದಾನೆ. ಚೀಲದ ಇನ್ನೂರು ನೋಡಿದ್ದರಲ್ಲಿ 23 ಗುಜರಿಗೆ. ಜೊತೆಗೆ ಇಂಡಿಯನ್ ಅಂಗಡಿಯ ಹುಣಸೆ ಪೇಸ್ಟಿನ ಫೋಟೋ, "ಇದು ನಡೀತೈತೇನ್ರಿ?" ಇವಳಿಗೆ ತೋರಿಸಿದೆ. ಕನ್ನಡಕ ಏರಿಸಿ ಲೇಬಲ್ ಓದಿದಳು. "ಉಪ್ಪ ಹಾಕ್ಯಾರ. ಸಾರಿಗೆ ಇಟ್ಕೊ ಅನ್ರಿ."