ಬಾಸ್ಟನ್‌ಗೆ ಹೋದರೆ ಚಹಾದ ಹಡಗು ಕೊನೆಗೆ ನೋಡಿ

ಬಾಸ್ಟನ್‌ಗೆ ಹೋದ ನಮ್ಮವರಲ್ಲಿ ತುಂಬಾ ಜನ ಸೀದಾ ಟೀ ಪಾರ್ಟಿ ಮ್ಯೂಸಿಯಂಗೆ ಹೋಗ್ತಾರೆ. ಪೆಟ್ಟಿಗೆಯನ್ನು ನೀರಿಗೆ ಎಸೆದು ಫೋಟೋ ತೆಗೆಸಿಕೊಂಡು ಬರ್ತಾರೆ. ಅಮೆರಿಕದ ಈ ಊರು ಬ್ರಿಟನ್ನಿನ ವಸಾಹತಿನಲ್ಲಿದ್ದಾಗ, 1773ರಲ್ಲಿ, ತೆರಿಗೆ ವಿರೋಧಿಸಿ ಜನ ಹಡಗುಗಳಲ್ಲಿದ್ದ ಚಹಾವನ್ನು ನೀರಿಗೆ ಎಸೆದದ್ದೇ ಟೀ ಪಾರ್ಟಿ. ದಯವಿಟ್ಟು ಆ ಮ್ಯೂಸಿಯಂ ಅನ್ನು ಕೊನೆಗೆ ಇಟ್ಟುಕೊಳ್ಳಿ. ಚಹಾಕ್ಕಿಂತ ಮೊದಲು ಕಾಕಂಬಿಯ (ಸಕ್ಕರೆ ತೆಗೆದ ಮೇಲೆ ಉಳಿಯುವ ಕಬ್ಬಿನ ಪಾಕ) ಕಥೆ ಗೊತ್ತಿರಬೇಕು.

ಕಾರು ಬೇಡ. ಏರ್‌ಪೋರ್ಟ್ ಸ್ಟೇಷನ್‌ನಲ್ಲಿ ಬ್ಲೂ ಲೈನ್ ರೈಲು ಹತ್ತಿ ಸ್ಟೇಟ್ ಸ್ಟೇಷನ್‌ನಲ್ಲಿ ಇಳಿಯಿರಿ. ಮೇಲೆ ಬಂದರೆ ಓಲ್ಡ್ ಸ್ಟೇಟ್ ಹೌಸ್. ಪಕ್ಕದಲ್ಲೇ ಫ್ಯಾನೆಲ್ ಹಾಲ್ ಇದೆ, ಮೊದಲು ಅಲ್ಲಿಗೆ ಹೋಗಿ. 1742ರಲ್ಲಿ ಇದನ್ನು ಊರಿಗೆ ಕೊಟ್ಟ ವ್ಯಾಪಾರಿ ಪೀಟರ್ ಫ್ಯಾನೆಲ್ ಗುಲಾಮರ ವ್ಯಾಪಾರದಲ್ಲೂ ಹಣ ಮಾಡಿದವನು. ಮುಂದೆ ಸ್ವಾತಂತ್ರ್ಯದ ಭಾಷಣಗಳು ನಡೆದದ್ದು ಇದೇ ಕಟ್ಟಡದಲ್ಲಿ. ಮಕ್ಕಳು ಜೊತೆಗಿದ್ದರೆ ಎರಡನ್ನೂ ಹೇಳಿ.

ವಸಾಹತುಗಳು ಕಚ್ಚಾಮಾಲು ಕೊಡಬೇಕು, ತಯಾರಾದ ಸರಕನ್ನು ಬ್ರಿಟನ್ನಿನಿಂದಲೇ ಕೊಳ್ಳಬೇಕು ಅನ್ನೋದು ಲಂಡನ್ನಿನ ಲೆಕ್ಕವಾಗಿತ್ತು. ಇಲ್ಲಿ ಮಾಡಿದ ಟೋಪಿಯನ್ನು ಪಕ್ಕದ ವಸಾಹತಿಗೂ ಮಾರಬಾರದು ಎಂದು 1732ರಲ್ಲಿ ಕಾನೂನೇ ಬಂತು. ಬಾಸ್ಟನ್ನಿನ ರಮ್ ಭಟ್ಟಿಗಳಿಗೆ ಬೇಕಿದ್ದ ಅಗ್ಗದ ಕಾಕಂಬಿ ಫ್ರೆಂಚ್ ದ್ವೀಪಗಳಲ್ಲಿ ಗುಲಾಮರು ದುಡಿಯುತ್ತಿದ್ದ ಕಬ್ಬಿನ ತೋಟಗಳಿಂದ ಬರುತ್ತಿತ್ತು. 1733ರಲ್ಲಿ ಅದಕ್ಕೆ ಗ್ಯಾಲನ್‌ಗೆ 6 ಪೆನ್ಸ್ ಸುಂಕ ಹಾಕಿದರು. ಜನ ಕಳ್ಳಸಾಗಣೆ ಮಾಡಿದರು, ಅಧಿಕಾರಿಗಳು ಲಂಚ ತಿಂದು ಸುಮ್ಮನಿದ್ದರು. 1764ರಲ್ಲಿ ಸುಂಕ 3 ಪೆನ್ಸ್‌ಗೆ ಇಳಿಯಿತು, ಆದರೆ ವಸೂಲಿ ಬಿಗಿಯಾಯಿತು. ಸಿಕ್ಕಿಬಿದ್ದವರ ವಿಚಾರಣೆ ಜ್ಯೂರಿ (ತೀರ್ಪು ಹೇಳುವ ಸಾಮಾನ್ಯ ಜನರ ಗುಂಪು) ಇಲ್ಲದ ಕೋರ್ಟಿಗೆ ಹೋಯಿತು. ಸುಂಕ ಅರ್ಧಕ್ಕೆ ಇಳಿದ ಮೇಲೆಯೇ ಸಿಟ್ಟು ಜಾಸ್ತಿಯಾಯಿತು ನೋಡಿ.

ಓಲ್ಡ್ ಸ್ಟೇಟ್ ಹೌಸ್ ಎದುರು ನೆಲದಲ್ಲಿ ಕಲ್ಲಿನ ವೃತ್ತವಿದೆ. 1770ರ ಮಾರ್ಚ್ 5ರಂದು ಬ್ರಿಟಿಷ್ ಸೈನಿಕರ ಗುಂಡಿಗೆ 5 ಜನ ಸತ್ತಿದ್ದರ ಗುರುತು ಅದು. ದಾಟಿ ಹೋಗುವಾಗ ಒಂದು ನಿಮಿಷ ನಿಲ್ಲಿ.

ಜಾಸ್ತಿ ಹೊತ್ತು ಇರಬೇಕಾದದ್ದು ಓಲ್ಡ್ ಸೌತ್ ಮೀಟಿಂಗ್ ಹೌಸ್‌ನಲ್ಲಿ. 1773ರ ಡಿಸೆಂಬರ್ 16ರಂದು ಹಡಗುಗಳಲ್ಲಿ ಬಂದ ಚಹಾವನ್ನು ವಿರೋಧಿಸಿ ಸಾವಿರಾರು ಜನ ಸೇರಿದ್ದು ಇಲ್ಲೇ. ಹೊಸ ಕಾನೂನಿಂದ ಚಹಾ ಅಗ್ಗವಾಗುತ್ತಿತ್ತು. ಆದರೂ ಪೌಂಡಿಗೆ 3 ಪೆನ್ಸ್ ತೆರಿಗೆ ಹಾಗೇ ಇತ್ತು, ಊರಿನ ವರ್ತಕರನ್ನು ಬದಿಗಿಟ್ಟು ಈಸ್ಟ್ ಇಂಡಿಯಾ ಕಂಪನಿ ತನ್ನವರ ಮೂಲಕವೇ ಮಾರುವುದಿತ್ತು. ಕಂಪನಿಗೆ ಆಗ ಹಣದ ಮುಗ್ಗಟ್ಟು. ನಮ್ಮ ಹೈದರಾಲಿ ಮದ್ರಾಸಿನ ಬಾಗಿಲಿಗೆ ಹೋದ 1769ರಲ್ಲಿ ಲಂಡನ್ನಿನಲ್ಲಿ ಅದರ ಷೇರು ಬಿದ್ದಿತ್ತು.

ಅಲ್ಲಿಂದ ಟೀ ಪಾರ್ಟಿ ಮ್ಯೂಸಿಯಂ ಇರುವ ಕಾಂಗ್ರೆಸ್ ಸ್ಟ್ರೀಟ್ ಸೇತುವೆಗೆ ನಡೆದೇ ಹೋಗಿ. ಅವತ್ತು ರಾತ್ರಿ 342 ಪೆಟ್ಟಿಗೆ ಚಹಾ ನೀರಿಗೆ ಎಸೆದ ಜಾಗ ಈಗ ಮಣ್ಣು ತುಂಬಿ ರಸ್ತೆಯಾಗಿದೆ. ಮ್ಯೂಸಿಯಂನಲ್ಲಿ ಇರುವುದು ಹಡಗುಗಳ ಪ್ರತಿಕೃತಿ, ಆದರೆ ಒಂದು ಹಳೆಯ ಚಹಾ ಪೆಟ್ಟಿಗೆಯನ್ನು ಉಳಿಸಿಟ್ಟಿದ್ದಾರೆ, ಬಿಡದೆ ನೋಡಿ. ಟಿಕೆಟ್ ಮೊದಲೇ ಬುಕ್ ಮಾಡಿ. ಡಿಸೆಂಬರ್ 16ರಂದು ಆ ರಾತ್ರಿಯನ್ನು ಮತ್ತೆ ಆಡಿ ತೋರಿಸುತ್ತಾರೆ. ಅದಕ್ಕೆ ಹೋಗುವುದಾದರೆ ದಪ್ಪ ಕೋಟು, ಕೈಗವಸು ಇಟ್ಟುಕೊಳ್ಳಿ.