ಹೊಸ ತಂತಿ, ಹಳೆಯ ಲೆಕ್ಕ

ಇವತ್ತು ಗಿಟಾರಿಗೆ ಹೊಸ ತಂತಿ ಹಾಕಿದೆ. ಬಿರಡೆ ತಿರುಗಿಸಿದಂತೆ ಸ್ವರ ಮೆಲ್ಲಗೆ ಮೇಲೇರುವುದನ್ನು ಕೇಳುವುದೇ ಒಂದು ಖುಷಿ.

ಐದನೇ ತಂತಿಯನ್ನು ಸುಮ್ನೆ ಮೀಟಿದರೆ ಸೆಕೆಂಡಿಗೆ 110 ಸಲ ಕಂಪಿಸುತ್ತದೆ. ಅದರ ನಟ್ಟನಡುವೆ, ಕತ್ತಿನ ಮೇಲಿನ 12ನೇ ಲೋಹದ ಅಡ್ಡಪಟ್ಟಿಯಲ್ಲಿ, ಅಂದರೆ 12ನೇ ಫ್ರೆಟ್‌ನಲ್ಲಿ ಒತ್ತಿ ಮೀಟಿದರೆ 220. ಉದ್ದ ಅರ್ಧವಾಯಿತು, ಕಂಪನ ಎರಡು ಪಟ್ಟಾಯಿತು. ಅದೇ ಸ್ವರ, ಒಂದು ಸ್ಥಾಯಿ ಮೇಲೆ.

ಬಿಗಿತದ ಕಥೆ ಬೇರೆ. ಉದ್ದ ಬದಲಿಸದೆ, ಬರೀ ಬಿಗಿ ಮಾಡಿಯೇ 220 ಮುಟ್ಟಬೇಕು ಅಂದರೆ ಬಿಗಿತ ಎರಡು ಪಟ್ಟಾದರೆ ಸಾಲದು. ನಾಲ್ಕು ಪಟ್ಟಾಗಬೇಕು! ಕಂಪನ ಏರುವುದು ಬಿಗಿತದ ವರ್ಗಮೂಲದ ಲೆಕ್ಕದಲ್ಲಿ. ಬರೀ ಅರ್ಧ ಸ್ವರ ಏರಿಸುವುದಕ್ಕೇ ಸುಮಾರು 12% ಜಾಸ್ತಿ ಬಿಗಿತ ಬೇಕು. ಬಿರಡೆ ಹಿಡಿದ ಬೆರಳಿಗೆ ಅದು ಗೊತ್ತಾಗುತ್ತದೆ, ಅಲ್ವಾ?

ಗೆಲಿಲಿಯೊನ ತಂದೆ ವಿನ್ಚೆನ್ಸೊ ಲ್ಯೂಟ್ ಎಂಬ ತಂತಿವಾದ್ಯ ನುಡಿಸುವ ಸಂಗೀತಗಾರ. 16ನೇ ಶತಮಾನದಲ್ಲಿ ಅವರು ತಂತಿಗಳಿಗೆ ತೂಕ ಕಟ್ಟಿ ಇಳಿಬಿಟ್ಟು ಈ ನಾಲ್ಕು ಪಟ್ಟಿನ ಲೆಕ್ಕವನ್ನು ಕಂಡುಕೊಂಡರು. ಅದಕ್ಕೂ ಮುಂಚೆ ಎಷ್ಟೋ ಶತಮಾನಗಳ ಕಾಲ ಎರಡು ಪಟ್ಟು ತೂಕ ಸಾಕು ಎಂಬ ಮಾತೇ ಒಬ್ಬರಿಂದ ಒಬ್ಬರಿಗೆ ದಾಟುತ್ತಾ ಬಂದಿತ್ತು. ಕೇಳಿದ್ದನ್ನು ಹಾಗೇ ನಂಬದೆ ತೂಕ ಕಟ್ಟಿ, ಕಿವಿಗೊಟ್ಟು ನೋಡಿದ ಆ ಮನುಷ್ಯನ ಮೇಲೆ ನನಗೆ ತುಂಬಾ ಪ್ರೀತಿ.

ಆರನೇ ತಂತಿ ಇನ್ನೂ ಶ್ರುತಿಯಲ್ಲಿ ನಿಂತಿಲ್ಲ. ಹೊಸ ತಂತಿ ಕೆಲವು ದಿನ ಹಿಗ್ಗುತ್ತಲೇ ಇರುತ್ತದೆ, ಹಿಗ್ಗಿದಷ್ಟೂ ಬಿಗಿತ ಸಡಿಲ, ಸ್ವರ ಕೆಳಗೆ. ನಾಳೆ ಬೆಳಿಗ್ಗೆ ಮತ್ತೆ ಬಿರಡೆ ತಿರುಗಿಸಬೇಕು.