ಸುತ್ತಲಿನ ಗೆರೆ, ನಡುವಿನ ನ್ಯೂರಾನ್: ಮೂರನೇ ವಾರ

ಕಲಬುರಗಿ, ಭಾನುವಾರ ರಾತ್ರಿ. ಹಗಲು ಬಿಸಿಲಿಗೆ ಲ್ಯಾಪ್‌ಟಾಪ್ ಕಾದ ಹಂಚಾಗುತ್ತದೆ. ಅದಕ್ಕೇ ಈ ವಾರದ ಕೆಲಸವೆಲ್ಲ ರಾತ್ರಿ ಹತ್ತರ ಮೇಲೆ ಮಾಳಿಗೆಯಲ್ಲಿ ಕೂತು ಮಾಡಿದ್ದು. ಕಡೆಗೂ ಪ್ರೋಗ್ರಾಂ ಸರಿಯಾದ ಉತ್ತರ ಕೊಟ್ಟಿದೆ!

ನಾನು ಪೈಥಾನ್ ಎಂಬ ಪ್ರೋಗ್ರಾಂ ಭಾಷೆಯಲ್ಲಿ ಕಟ್ಟುತ್ತಿರುವುದು ದೃಷ್ಟಿ ಕಾರ್ಟೆಕ್ಸಿನ, ಅಂದರೆ ಮಿದುಳಿನಲ್ಲಿ ನೋಟವನ್ನು ನೋಡಿಕೊಳ್ಳುವ ಭಾಗದ, ನ್ಯೂರಾನ್‌ಗಳ (ನರಕೋಶಗಳ) ಮಾದರಿಯನ್ನು. ಇಂಥ ನ್ಯೂರಾನ್ ತನ್ನ ಪಾಲಿನ ಪುಟ್ಟ ಜಾಗದಲ್ಲಿ ತನಗೆ ಒಗ್ಗಿದ ಓರೆಯ ಗೆರೆ ಬಂದರೆ ಜೋರಾಗಿ ಮಿಡಿಯುತ್ತದೆ. ಹ್ಯೂಬೆಲ್ ಮತ್ತು ವೀಸೆಲ್ ಎಂಬ ವಿಜ್ಞಾನಿಗಳು ಇದನ್ನು 1959ರಲ್ಲೇ ಬೆಕ್ಕಿನಲ್ಲಿ ತೋರಿಸಿದ್ದರು. ಅಷ್ಟು ಮೊದಲ ವಾರವೇ ಮುಗಿಯಿತು. ತೊಡಕು ಸುತ್ತಲಿನದು. ಆ ಪುಟ್ಟ ಜಾಗದ ಹೊರಗಿನ ಗೆರೆ ಮಾತ್ರ ಇದ್ದರೆ ನ್ಯೂರಾನ್ ಸುಮ್ಮನಿರುತ್ತದೆ. ಒಳಗೂ ಗೆರೆ ಇದ್ದಾಗ ಅದೇ ಹೊರಗಿನ ಗೆರೆ ಮಿಡಿತವನ್ನು ಅದುಮುತ್ತದೆ.

ಎರಡು ವಾರ ನಾನು ನೆರೆಯ ನ್ಯೂರಾನ್‌ಗಳ ಮಿಡಿತವನ್ನು ನಡುವಿನದರ ಮಿಡಿತದಿಂದ ಕಳೆಯುತ್ತಿದ್ದೆ. ತಪ್ಪಿದ್ದು ಅಲ್ಲೇ. ಒಳಗಿನ ಗೆರೆ ಮಸುಕಾದರೆ ಸಾಕು, ಉತ್ತರ ಸೊನ್ನೆಗಿಂತ ಕೆಳಗಿಳಿಯುತ್ತಿತ್ತು. ವಿಜ್ಞಾನಿ ಡೇವಿಡ್ ಹೀಗರ್ 1992ರಲ್ಲಿ ಮಂಡಿಸಿದ ದಾರಿ ಭಾಗಾಕಾರದ್ದು: ನ್ಯೂರಾನಿಗೆ ಸಿಕ್ಕ ಪ್ರಚೋದನೆಯ ವರ್ಗವನ್ನು, ಅಕ್ಕಪಕ್ಕದವುಗಳ ವರ್ಗಗಳ ಮೊತ್ತಕ್ಕೆ ಒಂದು ಸ್ಥಿರಾಂಕ ಕೂಡಿಸಿ, ಅದರಿಂದ ಭಾಗಿಸಬೇಕು. ಬದಲಿಸಿದ್ದು ಒಂದೇ ಸಾಲು. ಗೆರೆ ಒಂಟಿಯಾಗಿದ್ದಾಗ 0.86 ಬಂತು. ಸುತ್ತ ಅದೇ ಓರೆಯ ಗೆರೆ ತುಂಬಿದಾಗ 0.46ಕ್ಕೆ ಇಳಿಯಿತು. ಅಡ್ಡಗೆರೆ ತುಂಬಿದಾಗ 0.74. ಜೀವಂತ ಕಾರ್ಟೆಕ್ಸಿನಲ್ಲೂ ಸಾಮಾನ್ಯವಾಗಿ ಒಂದೇ ಓರೆಯ ನೆರೆಯೇ ಹೆಚ್ಚು ಅದುಮುವುದು. ಆದರೆ ಅಡ್ಡಗೆರೆಯ ನೆರೆಗೆ ಕಡಿಮೆ ತೂಕ ಇಟ್ಟವನು ನಾನೇ, ಹಾಗಾಗಿ ಇದನ್ನು ಪುರಾವೆ ಎನ್ನಲಾರೆ. ಭಾಗಾಕಾರ ಉತ್ತರವನ್ನು ಎಲ್ಲೂ ಸೊನ್ನೆಗಿಂತ ಕೆಳಗಿಳಿಸಲಿಲ್ಲ ಎಂಬುದೇ ನನಗೆ ದೊಡ್ಡ ಖುಷಿ.

ಲೆಕ್ಕ ಬಿಟ್ಟು ಕಣ್ಣಿಗೂ ಕಾಣಬೇಕೆನಿಸಿತು. ಮಸುಕು ಚೌಕಡಿಯ ಬಟ್ಟೆಯಿಂದ ರೊಟ್ಟಿಯಂಥ ಎರಡು ದುಂಡನೆ ತುಂಡು ಕತ್ತರಿಸಿ, ಒಂದನ್ನು ಬೂದುಬಣ್ಣದ ಚಾದರದ ಮೇಲೆ, ಇನ್ನೊಂದನ್ನು ಕಪ್ಪು ಬಿಳಿ ತುಂಡುಗಳ ಕೌದಿಯ ಮೇಲೆ ಇಟ್ಟು ಅವ್ವನನ್ನು ಕರೆದೆ.

"ಕೌದಿ ಮ್ಯಾಲಿಂದು ಮಾಸಿ ಹೋಗ್ಯಾದಲ್ಲೋ," ಅಂದಳು.

ಎರಡನ್ನೂ ತೆಗೆದು ಅವಳ ಅಂಗೈ ಮೇಲೆ ಜೋಡಿಸಿದೆ. "ಅಯ್ಯ, ಎರಡೂ ಒಂದೇ ಅವ!" ಮತ್ತೆ ತಾನೇ ಕೌದಿಯ ಮೇಲಿಟ್ಟಳು, ತೆಗೆದಳು, ಇಟ್ಟಳು. ಒಂದೇ ಎಂದು ಗೊತ್ತಾದ ಮೇಲೂ ಕೌದಿಯ ಮೇಲಿನದು ಮಾಸಿದಂತೆಯೇ ಕಾಣುತ್ತಿತ್ತು, ನನಗೂ.

ಉಳಿದದ್ದು ಕಾಲದ ಲೆಕ್ಕ. ಮಿದುಳಿನಲ್ಲಿ ನ್ಯೂರಾನಿನ ಮೊದಲ ಮಿಡಿತ ಮುಂಚೆ, ಸುತ್ತಲಿನ ಒತ್ತು ಕೆಲವು ಮಿಲಿಸೆಕೆಂಡು ತಡವಾಗಿ ಬರುತ್ತದೆ. ನನ್ನ ಪ್ರೋಗ್ರಾಂನಲ್ಲಿ ಎರಡೂ ಒಂದೇ ಗಳಿಗೆಗೆ ಆಗುತ್ತಿವೆ. ನಾಳೆ ರಾತ್ರಿ ಅಲ್ಲಿಂದ ಶುರು.